ಕಲ್ಲು ಮೇಡಂ ಕಟ್ಟಿದ್ದು, ನಾವು ಕೆಡವಿದ್ದು

ಮೇಡಂ ಅವರ ಶ್ರದ್ಧಾಂಜಲಿ ಸಭೆಗೆ ಸೇರಿರುವ ಎಲ್ಲರಿಗೂ, ಮುಂದಿನ ಸಾಲಿನಲ್ಲಿ ಕೂತಿರುವ ಅವರ ತಂಗಿಗೂ ಭಾವನವರಿಗೂ ನಮಸ್ಕಾರ. ಮೇಡಂ ಅವರ ಚಿಕಿತ್ಸಾ ಕೋಣೆಯಲ್ಲಿ ನಾನು ಆರು ವರ್ಷ ಸಹಾಯಕಿಯಾಗಿದ್ದೆ. ಮೈಕ್ ಹಿಡಿದು ಅಭ್ಯಾಸವಿಲ್ಲ — ಬೇಗ ಮುಗಿಸುತ್ತೇನೆ.

ನನಗಿಂತ ಮೊದಲು ಮಾತಾಡಿದ ಮೂವರೂ ಮೇಡಂ ಕರುಣಾಮಯಿ ಎಂದರು. ಸುಳ್ಳು. ಅವರು ಬದುಕಿದ್ದಾಗ ನೀವೇ ಅವರನ್ನು ‘ಕಲ್ಲು ಮೇಡಂ’ ಎನ್ನುತ್ತಿದ್ದಿರಿ. ನಾನೂ ಎನ್ನುತ್ತಿದ್ದೆ.

ಹಾಸ್ಟೆಲಿನ ಎರಡನೇ ವರ್ಷದ ಹುಡುಗಿ ನಿಮಗೆಲ್ಲ ಗೊತ್ತು. ತೀವ್ರ ಖಿನ್ನತೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನದ ಕೆಲಸಗಳನ್ನು ಮತ್ತೆ ಕೈಗೆ ಹತ್ತಿಸಲಿ ಎಂದು ಮೇಡಂ ಬಳಿ ಕಳಿಸಿದರು. ಇಪ್ಪತ್ತು ದಿನ ತಲೆ ಬಾಚಿರಲಿಲ್ಲ, ಕೂದಲು ಗಂಟುಗಟ್ಟಿತ್ತು. ಮೇಡಂ ಬಾಚಣಿಗೆಯನ್ನು ಅವಳ ತೊಡೆಯ ಮೇಲಿಟ್ಟು, ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಹೀಗೆ — ಕೈಕಟ್ಟಿ.

“ಒಂದು ಸಲ ಬಾಚು. ಒಂದೇ ಸಲ. ಇವತ್ತಿಗೆ ಅಷ್ಟೇ ಕೆಲಸ.”

ಹುಡುಗಿ ಅತ್ತಳು. ಅವಳ ಅಮ್ಮ ಬಾಗಿಲಲ್ಲಿ ನಿಂತು, “ನಿಮಗೆ ಮಕ್ಕಳಿಲ್ಲ ಅಲ್ವಾ, ಅದಕ್ಕೇ ಹೀಗೆ” ಎಂದರು.

ಮೇಡಂ ತಿರುಗಿಯೂ ನೋಡಲಿಲ್ಲ. “ನೀವು ಸಾಯೋವರೆಗೂ ಬಾಚ್ತೀರಿ ಕಣಮ್ಮ. ಆಮೇಲೆ?”

ಐವತ್ತು ನಿಮಿಷ — ಐವತ್ತು ನಿಮಿಷವಾದ ಮೇಲೆ ಹುಡುಗಿ ಒಂದು ಸಲ ಬಾಚಿಕೊಂಡಳು. ಮೇಡಂ ಎದ್ದು ಹೋದರು. ಶಭಾಶ್ ಕೂಡ ಅನ್ನಲಿಲ್ಲ.

ಮರುದಿನ ಎರಡು ಸಲ. ಆಮೇಲೆ ಮುಖ ತೊಳೆಯುವುದು, ಹೊದಿಕೆ ಮಡಿಸುವುದು. ಎರಡು ತಿಂಗಳಿಗೆ ಅವಳು ಒಂದು ಪೀರಿಯಡ್ ಕ್ಲಾಸಿನಲ್ಲಿ ಕೂತಳು — ಬಾಗಿಲ ಪಕ್ಕದ ಬೆಂಚು, ಬೇಕೆಂದಾಗ ಎದ್ದು ಬರಲು.

ಹತ್ತು ದಿನದ ಹಿಂದೆ ಮೇಡಂ ಅವರ ಹೃದಯ ನಿಂತಿತು. ಆಮೇಲೆ ನಾವು ಮಾಡಿದ್ದೇನು? ಪಾಪ ಹುಡುಗಿ ಎಂದೆವು. ವಾರ್ಡನ್ ಅಕ್ಕ ತಟ್ಟೆಯನ್ನು ಹಾಸಿಗೆಗೇ ಒಯ್ದರು. ಗೆಳತಿಯರು ನೋಟ್ಸ್ ಬರೆದುಕೊಟ್ಟರು. ಅಮ್ಮ ಮುಖ ತೊಳೆಸಿದರು. ತಲೆ ಬಾಚಿದ್ದು ನಾನು. “ಬಿಡು ಕಂದಾ, ನಾನಿದೀನಿ” ಎಂದೆ. ಫೈಲಿನಲ್ಲಿ ‘ಸಹಕರಿಸಿದಳು’ ಎಂದು ಬರೆದೆ. ಹೌದು, ಸಹಕರಿಸಿದಳು — ಗೊಂಬೆ ಸಹಕರಿಸುವ ಹಾಗೆ. ಮೊನ್ನೆಯಿಂದ ಚಮಚವನ್ನೂ ಹಿಡಿಯುತ್ತಿಲ್ಲ. ಎರಡು ತಿಂಗಳ ಕೆಲಸವನ್ನು ನಾವು ಹತ್ತು ದಿನದಲ್ಲಿ ಪ್ರೀತಿಯಿಂದ ಕೊಂದೆವು. ಸೋಮವಾರ ಅವಳ ಅಪ್ಪ ಓದು ಬಿಡಿಸಿ ಕರೆದುಕೊಂಡು ಹೋಗುತ್ತಾರಂತೆ. “ಮನೇಲಿ ಸುಮ್ನೆ ಮಲಗಿರ್ಲಿ ಬಿಡಿ” ಎಂದರು.

ಆ ಹುಡುಗಿ ಇಲ್ಲೇ ಇದ್ದಾಳೆ. ಬರುತ್ತೇನೆ ಎಂದು ಅವಳೇ ಹೇಳಿದಳು. ಈ ಹತ್ತು ದಿನದಲ್ಲಿ ಅವಳಾಗಿ ಕೇಳಿದ್ದು ಇದೊಂದನ್ನೇ. ಕೊನೆಯ ಸಾಲು, ಆಚೆ ತುದಿ — ತಿರುಗಿ ನೋಡಬೇಡಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ವಾರ್ಡನ್ ಅಕ್ಕ, ಅವಳನ್ನು ಎಬ್ಬಿಸಬೇಡಿ, ತೋಳು ಬಿಡಿ. ಅಮ್ಮಾ, ನೀವೂ ಬಿಡಿ — ನನ್ನನ್ನು ಆಮೇಲೆ ಬೈಯಿರಿ. ಮೌನಾಚರಣೆ ಎರಡು ನಿಮಿಷ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಗಡಿಯಾರ ನೋಡಬೇಡಿ. ಅವಳು ತಾನಾಗಿಯೇ ಎದ್ದು ನಿಂತ ಮೇಲೆ ಮೌನ ಶುರುವಾಗುತ್ತದೆ. ಅಲ್ಲಿಯವರೆಗೆ ಯಾರೂ ಕೂರುವ ಹಾಗಿಲ್ಲ.