ಬಾವಿಯ ಕಟ್ಟೆಯ ಮೇಲೆ ಐಎಸ್‌ಓ ನೂರು

ಚಿಂತಾಕಿಯಿಂದ ಡಾಂಬರು ರಸ್ತೆಗೆ ಬರುವ ಹಾದಿಯಲ್ಲಿ ಒಂದು ಹಳೆ ಬಾವಿ ಇದೆ. ರಾತ್ರಿ ಹತ್ತು ದಾಟಿತ್ತು. ಮುಕ್ತಾ ಒಬ್ಬಳೇ ನಡೆದಿದ್ದಳು… ಬೀದರಿನ ನಮ್ಮ ಮೈಲೂರಿನ ಓಣಿಯಲ್ಲಿ ಫೋಟೊ ಅಂಗಡಿ ಇಟ್ಟಿದ್ದಾಳಲ್ಲ, ಅದೇ ಮುಕ್ತಾ. ಊರೊಳಗೆ ಪೈಪು ಹಾಕಲು ಹಾದಿ ಅಗೆದಿದ್ದರಿಂದ ಸ್ಕೂಟಿಯನ್ನು ರಸ್ತೆಯ ಮೇಲೇ ಬಿಟ್ಟು ಬಂದಿದ್ದಳು. ಕೊರಳಲ್ಲಿ ಕ್ಯಾಮೆರಾ. ಕಾಲಡಿ ಗರಸು… ಚರ್, ಚರ್.

"ಇಲ್ಲೇ ಮಕ್ಕೊಂಡು ಮುಂಜಾನೆ ಹೋಗ್ರಿ ಅಕ್ಕಾ," ಅಂದಿದ್ದಳು ಸಪನಾ.

"ನಾ ಎಲ್ಲಾ ಕಡಿಗೂ ಒಬ್ಬಾಕೀನೇ ಹೋಗೇನಿ. ಔರಾದದಾಗ ಇವತ್ತಿಗಿ ಖೋಲಿ ಹಿಡದೇನಿ."

ಸಪನಾ ಭಾಲ್ಕಿಗೆ ಕೊಟ್ಟ ಹೆಣ್ಣುಮಗಳು. ಅವಳ ತಾಯಿ ಕಾವೇರಿಬಾಯಿ ಅವತ್ತು ಬೆಳಗ್ಗೆ ಚಿಂತಾಕಿಯಲ್ಲಿ ತೀರಿಕೊಂಡಿದ್ದಳು. ಮುದುಕಿಗೆ ಎಷ್ಟೋ ವರ್ಷದಿಂದ ಕಣ್ಣಿನ ಬೇನೆ. ಬೆಳಕು ಕಂಡರೆ ಸೂಜಿ ಚುಚ್ಚಿದಂತಾಗಿ, ಸೆರಗು ಎಳೆದುಕೊಂಡು ನಡುಮನೆಯ ಮೂಲೆಯಲ್ಲಿ ಕೂತಿರುತ್ತಿದ್ದಳು. ಸಪನಾಳ ಮದುವೆಯ ಫೋಟೊಗಳಲ್ಲೆಲ್ಲ ಅವಳದು ಬರೀ ಸೆರಗು. ಮುಖ ಒಂದರಲ್ಲೂ ಇಲ್ಲ.

"ಗೋಡಿಗಿ ಹಾಕ್ಲಿಕ್ಕೆ ಅವ್ವಂದು ಒಂದೇ ಒಂದು ಮಾರಿ ಬೇಕ್ರಿ," ಅಂತ ಸಪನಾ ಫೋನಿನಲ್ಲೇ ಅತ್ತಿದ್ದಳು. "ಖರೇ ಹೇಳ್ತೇನಿ, ಈಗೇ ಮರತಂಗ ಆಗ್ಲಿಕತ್ತದ."

ವಿಭೂತಿ ಹಚ್ಚಿ, ಹೂ ಹಾಕಿ, ಮುದುಕಿಯನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹೊತ್ತು ಮುಳುಗಿತ್ತು, ಕರೆಂಟು ಇರಲಿಲ್ಲ. ಎರಡು ದೀಪ ಅಷ್ಟೆ. ಫ್ಲ್ಯಾಶ್ ತೆಗೆದಾಗ ಸಪನಾ ಕೈ ಹಿಡಿದಳು. "ಮಿಂಚು ಬ್ಯಾಡ್ರಿ. ಅವ್ವಗ ಬೆಳಕು ತಾಳಂಗಿಲ್ಲ."

ಇನ್ನು ತಾಳುವುದೇನು, ಅಂತ ಮುಕ್ತಾ ಅನ್ನಲಿಲ್ಲ. ಫ್ಲ್ಯಾಶ್ ಚೀಲಕ್ಕೆ ಹಾಕಿದಳು. ಇಪ್ಪತ್ತೆರಡು ಫೋಟೊ ತೆಗೆದಳು. ಒಂದನ್ನೂ ತಿರುಗಿಸಿ ನೋಡಲಿಲ್ಲ. ಗಿರಾಕಿಯ ಮುಂದೆ ಕ್ಯಾಮೆರಾದ ಬೆನ್ನಿನ ಪರದೆ ನೋಡುವುದು ಕಲಿಯುವವರ ಕೆಲಸ ಅಂತ ಅವಳ ಹಟ. ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಇಂಗ್ಲಿಷಿನ ಪುಸ್ತಕ ಒಬ್ಬಳೇ ಓದಿ ಕ್ಯಾಮೆರಾ ಕಲಿತವಳು ಅವಳು. ರಾತ್ರಿ ಒಂಬತ್ತಕ್ಕೆ ಮಣ್ಣು ಮಾಡಿ ಮುಗಿಸಿದರು.

ಬಾವಿಯ ಹತ್ತಿರ ಬಂದಾಗ ಮುಕ್ತಾ ನಿಂತಳು. ಯಾಕೋ… ಈಗ ನೋಡಬೇಕು ಅನಿಸಿತು.

ಮೊದಲನೆಯದು ಅಲುಗಿತ್ತು. ಎರಡನೆಯದೂ. ದೊಡ್ಡದು ಮಾಡಿ ನೋಡಿದಳು. ಇಪ್ಪತ್ತೆರಡೂ ಅಲುಗಿದ್ದವು. ಮುಖ ಇದ್ದ ಜಾಗದಲ್ಲಿ ನೀರಲ್ಲಿ ಕದಡಿದ ಹಿಟ್ಟಿನಂಥ ಬಿಳುಪು.

ಬೀದರಿನ ರಿಪೇರಿ ಅಂಗಡಿಯ ರಶೀದ ಅಹ್ಮದ ಮೊದಲೇ ಹೇಳಿದ್ದ. "ಬಾಯಿ, ಆಟೋ ಐಎಸ್‌ಓಕ್ಕ ಮ್ಯಾಲೊಂದು ಛತ್ತು ಅದ, ಶಟರಿಗಿ ಕೆಳಗೊಂದು ನೆಲ. ಕತ್ತಲಿ ಆದಂಗ ಐಎಸ್‌ಓ, ಅಂದ್ರ ಬೆಳಕು ಹೀರೋ ಶಕ್ತಿ, ತಾನೇ ಏರ್ತದ. ಛತ್ತಿಗಿ ಬಡೀತಂದ್ರ ಮುಂದ ಜಾಗಾ ಇಲ್ಲ. ಆಗ ಶಟರ್ ನೆಲಾ ಒಡಕೊಂಡು ಕೆಳಗಿಳೀತದ, ನಿಧಾನ ಆಗ್ತದ. ಛತ್ತು ಎತ್ತರಕ್ಕಿಡ್ರಿ."

"ನನಗ ಗೊತ್ತದ," ಅಂದಿದ್ದಳು ಮುಕ್ತಾ. ಗೊತ್ತಿರಲಿಲ್ಲ. ಫೋಟೊ ರವೆ ರವೆ ಆಗಬಾರದೆಂದು ಛತ್ತನ್ನು ಸಾವಿರದಾರುನೂರಕ್ಕೇ ನಿಲ್ಲಿಸಿದ್ದಳು. ಶಟರಿಗೆ ಅರವತ್ತನೇ ಒಂದು ಪಾಲು ಸೆಕೆಂಡು ಅಂತ ನೆಲ ಹಾಕೇನಲ್ಲ, ಅದರ ಕೆಳಗೆ ಹೆಂಗ ಹೋದೀತು ಅಂತ ಧೈರ್ಯ. ಹೋಗಿತ್ತು. ಪ್ರತಿ ಫೋಟೊದ ಕೆಳಗೆ ಕ್ಯಾಮೆರಾ ಬರೆದಿಟ್ಟಿತ್ತು: ಅರ್ಧ ಸೆಕೆಂಡು. ಅಷ್ಟು ಹೊತ್ತು ಯಾರ ಕೈಯೂ ನಿಲ್ಲುವುದಿಲ್ಲ. ಶಟರ್ ತೆರೆಯುವ ಚಿಕ್, ಮುಚ್ಚುವ ಚಕ್ ಬೇರೆ ಬೇರೆ ಕೇಳಬೇಕಿತ್ತು. ಭಜನೆಯ ತಾಳದ ಸಪ್ಪಳ ಅದನ್ನು ನುಂಗಿತ್ತು.

ತಿರುಗಿ ಹೋಗಿ ಸಪನಾಗೆ ಏನು ಹೇಳುವುದು? ಮುಖ ಮಣ್ಣಿನೊಳಗಿದೆ.

"ಬಂದಿಲ್ಲೇನವಾ?"

ಪಿಸುಮಾತು. ಬಾವಿಕಟ್ಟೆಯ ಮೇಲೆ ಸೆರಗು ಹೊದ್ದ ಒಬ್ಬ ಮುದುಕಿ. ಮುಖ ಕಾಣುತ್ತಿರಲಿಲ್ಲ. ಮಣ್ಣಿಗೆ ಬಂದವಳು, ದಣಿವಾರಿಸಿಕೊಳ್ಳುತ್ತಿರಬೇಕು ಅಂದುಕೊಂಡಳು.

"ಇಲ್ಲರಿ ಆಯಿ," ಅಂದಳು ಮುಕ್ತಾ. ಸೋತೆ ಅಂತ ಅವಳು ಯಾರ ಮುಂದೆಯೂ ಒಪ್ಪಿಕೊಂಡದ್ದಿಲ್ಲ. ಕತ್ತಲು, ಅದಕ್ಕೆ ಬಾಯಿಗೆ ಬಂತು. "ಒಂದೂ ಬಂದಿಲ್ಲ."

"ನಂದೊಂದು ತಗಿ."

"ಕತ್ತಲಾಗ ಬರಂಗಿಲ್ಲರಿ."

"ನನ್ನೊಬ್ಬಾಕೀದು ಯಾರೂ ತಗದಿಲ್ಲವಾ…"

ಮುಕ್ತಾಳ ಕೈ ತಾನಾಗಿ ಕ್ಯಾಮೆರಾಕ್ಕೆ ಹೋಯಿತು. ಊರವರೆಲ್ಲರ ಫೋಟೊ ತೆಗೆದ ಅವಳದೂ ಆಧಾರ ಕಾರ್ಡಿನದು ಬಿಟ್ಟರೆ ಒಂದಿಲ್ಲ. ಮುದುಕಿಯ ಮನಸ್ಸಿಗಾದರೂ ಆಗಲಿ ಅಂತ ಎತ್ತಿದಳು.

"ಕಣ್ಣು ಮುಚ್ಚಬ್ಯಾಡ್ರಿ ಮತ್ತ."

"ಈಗ ಚುಚ್ಚಂಗಿಲ್ಲ ಬಿಡು."

ಒತ್ತಿದಳು. ಈ ಕತ್ತಲಿಗೆ ಚಿಕ್ ಅಂದು, ಎಷ್ಟೋ ಹೊತ್ತಿನ ಮೇಲೆ ಚಕ್ ಅನ್ನಬೇಕು. ಉಸಿರು ಹಿಡಿದಳು…

ಚಕ್.

ಒಂದೇ ಸಪ್ಪಳ. ಸುಡು ಬಿಸಿಲಲ್ಲಿ ಬರುವ ಸಪ್ಪಳ.

ಮುಕ್ತಾಳಿಗೆ ಆಗ ಹೊಳೆಯಿತು, ಚುಚ್ಚುವುದಿಲ್ಲ ಅಂದವಳು ಯಾರು ಅಂತ. ಕ್ಯಾಮೆರಾ ಇಳಿಸಿದಾಗ ಕಟ್ಟೆ ಖಾಲಿ. ನೀರು ಬುಳಕ್ ಅನ್ನಲಿಲ್ಲ. ಗರಸು ಚರ್ ಅನ್ನಲಿಲ್ಲ. ಅವಳು ಓಡಲಿಲ್ಲ. ರಸ್ತೆಯ ತನಕ ನಡೆದೇ ಹೋದಳು.

ಔರಾದಿನ ಖೋಲಿಯಲ್ಲಿ ಚಿಲಕ ಹಾಕಿ ನೋಡಿದಳು. ಕಟ್ಟೆ ಇಲ್ಲ, ಬಾವಿ ಇಲ್ಲ, ಎಲ್ಲ ಕಪ್ಪು. ನಡುವೆ ಮುಖ. ಒಂದೊಂದು ಸುಕ್ಕೂ ಎಣಿಸುವಂತೆ. ವಿಭೂತಿ ಹಾಗೇ ಇತ್ತು. ಕಣ್ಣು ಪೂರಾ ತೆರೆದಿದ್ದವು.

ಕಟ್ಟು ಹಾಕಿಸಿ ಒಯ್ದು ಕೊಟ್ಟ ದಿನ ಸಪನಾ ಚೌಕಟ್ಟನ್ನು ಎದೆಗೆ ಒತ್ತಿಕೊಂಡು ಕೇಳಿದಳು: "ಅವ್ವ ಇಷ್ಟು ಕಣ್ಣು ತೆರೆದಿದ್ದು ನಾನೇ ನೋಡಿಲ್ಲರಿ. ಯಾವಾಗ ತಗದ್ರಿ?"

ಗಿರಾಕಿಗೆ ಮುಕ್ತಾ ಸುಳ್ಳು ಹೇಳುವವಳಲ್ಲ. "ಹೊಂಟಾಗ," ಅಂದಳು.

ರಶೀದ ಅಹ್ಮದ ಆ ಫೋಟೊದ ಅಂಕಿ ನೋಡಿದ. ಐಎಸ್‌ಓ ನೂರು. ಶಟರ್ ಐನೂರನೇ ಒಂದು ಪಾಲು. ಹೊತ್ತು, ರಾತ್ರಿ ಹತ್ತು ಇಪ್ಪತ್ತೆರಡು. "ಇದು ನಡು ಮಧ್ಯಾಹ್ನದ ಲೆಕ್ಕ ಬಾಯಿ," ಅಂದ. ಕನ್ನಡಕ ಒರೆಸಿದ. "ಮಷೀನ್ ಕೆಟ್ಟಿಲ್ಲ."

ಮುಕ್ತಾ ಆ ಬಾವಿಗೆ ಮತ್ತೆ ಮೂರು ರಾತ್ರಿ ಹೋದಳು, ಒಬ್ಬಳೇ. ಯಾರೂ ಇರಲಿಲ್ಲ. ಅದೇ ಕಟ್ಟೆ, ಅದೇ ಸೆಟ್ಟಿಂಗು. ಚಿಕ್… ಚಕ್. ಬರೀ ಕಪ್ಪು.

ನಂಬದಿದ್ದರೆ ಬಿಡಿ. ಮೈಲೂರಿಗೆ ಬಂದು ಕೇಳಿದರೆ ಅವಳು ಬೈದು, ಆಮೇಲೆ ಕಂಪ್ಯೂಟರ್ ಹಚ್ಚಿ ತೋರಿಸುತ್ತಾಳೆ. ನಾನು ನೋಡಿದ್ದೇನೆ. ಬೆಳಕು ಎಲ್ಲಿಂದ ಬಿತ್ತು ಎಂಬುದು ಫೋಟೊದಲ್ಲಿರುವವರ ಕಣ್ಣಿನ ಗುಡ್ಡೆಯಲ್ಲಿ ಚುಕ್ಕೆಯಾಗಿ ಕೂತಿರುತ್ತದೆ, ಎಲ್ಲ ಫೋಟೊದಲ್ಲೂ. ಕಾವೇರಿಬಾಯಿಯ ಕಣ್ಣಿನಲ್ಲೂ ಇದೆ. ದೊಡ್ಡದು ಮಾಡಿದರೆ ಅದು ಚುಕ್ಕೆಯಲ್ಲ… ಉದ್ದನೆಯ ಚೌಕ. ಹೊರಗೆ ಬಿಸಿಲಿರುವ ಮನೆಯ, ತೆರೆದ ಬಾಗಿಲು.

ಆ ಬಾವಿಯ ಸುತ್ತ ಹೊಲ ಬಿಟ್ಟರೆ ಒಂದು ಮನೆಯೂ ಇಲ್ಲ.