ಫಾದರ್ ಮುಖ ಗಂಟಿಕ್ಕಬೇಕಿತ್ತು

ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವಾಕೆಯ ಕೈ ಮೇಜಿನ ಮೇಲಿತ್ತು, ಕಿವಿ ಎದುರಿನ ಬೆಂಚಿನಲ್ಲಿತ್ತು. ಅಲ್ಲಿ ಕೆನ್ನೆ ಊದಿದ ಪಾದ್ರಿ. ಪಕ್ಕದಲ್ಲಿ ಅವರನ್ನು ಹುಡುಕಿಕೊಂಡು ಬಂದ, ಅವರದೇ ಚರ್ಚಿನ ದರ್ಜಿಯಮ್ಮ.

“ನನ್ನ ಮಗನ ತಲೆ ಕೆಡಿಸಿದ್ದು ನೀವೇ, ಫಾದರ್. ಸೆಮಿನರಿ ಸೇರ್ತಾನಂತೆ.”

“ಪಾದ್ರಿಯಾಗು ಅಂತ ನಾನು ಒಂದು ದಿನಾನೂ ಹೇಳಿಲ್ಲಮ್ಮ.”

“ಅದೇ ಆಗಿದ್ದು ಎಡವಟ್ಟು. ಹಿಂದಿನ ಫಾದರ್ ಪ್ರತಿ ಭಾನುವಾರ ಗಂಟಲು ಹರ್ಕೊಂಡು ಕರೆದ್ರು, ಒಬ್ಬನೂ ಅಲ್ಲಾಡ್ಲಿಲ್ಲ. ನೀವು ಇವನನ್ನ ಹಾಸಿಗೆ ಹಿಡಿದವ್ರ ಮನೆಗೆಲ್ಲ ಕರ್ಕೊಂಡು ಹೋದ್ರಿ, ಇಬ್ರೂ ನಗ್ನಗ್ತಾ ವಾಪಸ್ ಬಂದ್ರಿ.”

“ಈಗೇನು ಮಾಡ್ಲಿ?”

“ಒಂದಷ್ಟು ದಿನ ಮುಖ ಗಂಟಿಕ್ಕಿಕೊಂಡಿರಿ. ಈ ಕೆಲಸ ಸಾಕಪ್ಪಾ ಸಾಕು ಅನ್ನಿ. ಇರೋನು ಒಬ್ಬನೇ ಮಗ, ಫಾದರ್.”

ಪಾದ್ರಿ ನಗಲು ಹೋಗಿ ಕೆನ್ನೆ ಹಿಡಿದುಕೊಂಡರು. “ಆಯ್ತು, ಇವತ್ತಿಂದ್ಲೇ.”

ದರ್ಜಿಯಮ್ಮ ಅವರ ಊದಿದ ಕೆನ್ನೆಯನ್ನೇ ನೋಡಿದಳು.

“ಬೇಡ ಬಿಡಿ. ಫಾದರ್‌ಗೆ ಕಷ್ಟ, ಜೊತೆಗೊಬ್ಬರು ಬೇಕು ಅಂತ ನಾಳೆನೇ ಗಂಟುಮೂಟೆ ಕಟ್ತಾನೆ. ಹೆತ್ತೋಳಿಗೆ ಗೊತ್ತಿಲ್ವಾ?”

ಒಳಗಿನಿಂದ ಕರೆ ಬಂತು. ಇಬ್ಬರೂ ಎದ್ದರು, ಅವಳು ಬೀದಿ ಬಾಗಿಲ ಕಡೆ ತಿರುಗಿದಳು.

“ಎಲ್ಲಿಗಮ್ಮ ಇಷ್ಟು ಅವಸರ?”

“ಬಿಳಿ ಬಟ್ಟೆ ತರೋಕೆ. ಅವನ ನಿಲುವಂಗಿ ಬೇರೆಯವ್ರು ಹೊಲಿಯೋಕೆ ನಾನೇನು ಸತ್ತಿದೀನಾ?”