ಹೀಟರ್ ಆರಿಸುತ್ತಿದ್ದವರು

ಹ್ಯಾಲಿಫ್ಯಾಕ್ಸ್‌ನ ಬಸ್ ಸ್ಟಾಪಿನಲ್ಲಿ ಸಾಲಿನಲ್ಲಿ ಕಾಯುತ್ತಿದ್ದ ಅಪರಿಚಿತೆ ಎನಿಡ್‌ಳ ಮುಂದೆ ನಿಂತು ವಿಧವೆ ಹಿಲ್ಡಾ ತಂಗಿ ಮೇವಿಸ್‌ಗೆ ಹೇಳುತ್ತಿದ್ದಳು.

"ಹೊಗೆಗೂಡು ಬೇಡ, ಶಾಖವೆಲ್ಲ ಕೋಣೇಲೇ ಉಳಿಯುತ್ತೆ ಅಂತ ಹಾಕಿಸಿದ ಗ್ಯಾಸ್ ಹೀಟರ್ ದಿನಾ ತಾನಾಗೇ ಆರೋಗ್ತಿತ್ತು ಕಣೇ. ಸತ್ತ ನಮ್ಮ ವಿಲ್ಫ್ ಬಂದು ಆರಿಸ್ತಿದಾರೆ ಅಂದ್ಕೊಂಡೆ."

"ಭಾವ ಜುಗ್ಗರೇ ಬಿಡಕ್ಕಾ."

"ವಾರವೆಲ್ಲ ಅವರ ಫೋಟೋಗೆ ಬೈದೆ. ನಿನ್ನೆ ಗ್ಯಾಸ್ ರಿಪೇರಿಯವನು ಬಂದು, ಗೋಡೆಯ ಗಾಳಿಕಿಂಡಿಗೆ ನಾನು ತುರುಕಿದ್ದ ಉಣ್ಣೆ ಟೋಪಿ ಎಳೆದು ತೆಗೆದ."

"ಅಯ್ಯೋ, ಯಾಕೆ ತುರುಕಿದ್ದೆ?"

"ಚಳಿಗಾಳಿ ಬರ್ತಿತ್ತು! ಒಳ್ಳೆ ಗಾಳಿ ಕಡಿಮೆಯಾದ್ರೆ ಹೀಟರ್ ತಾನೇ ಆರುತ್ತಂತೆ. ಇಲ್ದಿದ್ರೆ ವಿಷಗಾಳಿಗೆ ಕೂತಲ್ಲೇ ಹೋಗ್ಬಿಡ್ತಿದ್ರಿ ಅಂದ."

ಮೇವಿಸ್ ಅಕ್ಕನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಭಾವನಿಗೆ ತಪ್ಪಾಯ್ತು ಅಂದ್ಯಾ?"

"ಅರ್ಧ ಬೈಗುಳಕ್ಕೆ ಮಾತ್ರ ಅಂದೆ. ಮಿಕ್ಕಿದ್ದು ಅವರು ಬದುಕಿದ್ದಾಗ್ಲೇ ಬೈಬೇಕಿತ್ತು!"

ಇಬ್ಬರೂ ಬಿದ್ದುಬಿದ್ದು ನಗುತ್ತ ಬಸ್ ಹತ್ತಿದರು. ಎನಿಡ್ ಹತ್ತಲಿಲ್ಲ. ಅಂಥದ್ದೇ ಹೀಟರ್ ಇದ್ದ ತನ್ನ ಮನೆಯ ಗಾಳಿಕಿಂಡಿಗೆ ತಾನೇ ಅಂಟಿಸಿದ್ದ ಟೇಪ್ ಕೀಳಲು, ನಗು ತಡೆಯಲಾಗದೆ, ಬಂದ ದಾರಿಯಲ್ಲೇ ಓಡಿದಳು.